ಗಿರ್ ತರಲೇ, ಕ್ರಾಸ್ ಕಟ್ಟಲೇ, ಊರಿನ ಗಿಡ್ಡವೇ ಸಾಕೇ?

ಪ್ರಶ್ನೆ: ಇಪ್ಪತ್ತೆರಡು ವರ್ಷ ಮುಂಬಯಿಯಲ್ಲಿ ಹೋಟೆಲು ನಡೆಸಿ ಈಗ ಬ್ರಹ್ಮಾವರದ ಹತ್ತಿರದ ನಮ್ಮ ಮನೆಗೆ ವಾಪಸು ಬಂದಿದ್ದೇನೆ. ಅರ್ಧ ಎಕರೆ ತೆಂಗು, ಅಡಿಕೆ, ಹಡಿಲು ಬಿದ್ದ ಎರಡು ಗದ್ದೆ, ಅಜ್ಜನ ಕಾಲದ ಹಟ್ಟಿ ಇದೆ. ಎರಡು ದನ ಸಾಕುವ ಆಸೆ. ಮನೆ ಖರ್ಚಿಗೆ ಹಾಲು ಬೇಕು, ಉಳಿದದ್ದನ್ನು ಹಾಲಿನ ಸೊಸೈಟಿಗೆ ಹಾಕಬೇಕು. ಒಬ್ಬ ದಲ್ಲಾಳಿ ಗುಜರಾತಿನ ಗಿರ್ ದನವನ್ನು ಶುದ್ಧ ತಳಿಯ ಸರ್ಟಿಫಿಕೇಟ್ ಸಮೇತ ಒಂದೂಕಾಲು ಲಕ್ಷಕ್ಕೆ ಕೊಡುತ್ತೇನೆ ಎನ್ನುತ್ತಾನೆ. ಪರಿಚಯದ ರೈತರೊಬ್ಬರು ಎಚ್‌ಎಫ್ ಕ್ರಾಸ್, ಅಂದರೆ ಕಪ್ಪು ಬಿಳುಪಿನ ವಿದೇಶಿ ತಳಿಯ ಬೆರಕೆ ದನ, ಕಟ್ಟಿ ಎನ್ನುತ್ತಾರೆ. ಅಮ್ಮನದು ಒಂದೇ ಮಾತು, ಊರಿನ ಸಣ್ಣ ಜಾತಿಯ ಗಿಡ್ಡ ದನವೇ ಸಾಕು. ಇದರ ನಡುವೆ ಪಕ್ಕದೂರಿನ ಕೆಲವರು ಮಲೆನಾಡು ಗಿಡ್ಡ ತಳಿ ಸಂಘ ಕಟ್ಟುತ್ತೇವೆ, ಸದಸ್ಯರಾಗಿ ಎಂದು ಕರೆದಿದ್ದಾರೆ. ತಳಿ ಸಂಘ ಎಂದರೆ ಏನು, ಅದರಿಂದ ಉಪಯೋಗ ಉಂಟಾ?

ಉತ್ತರ: ದಲ್ಲಾಳಿಗೆ ಮುಂಗಡ ಕೊಟ್ಟಿಲ್ಲ ಎಂದುಕೊಂಡೇ ಬರೆಯುತ್ತಿದ್ದೇನೆ. ಕೊಟ್ಟಿದ್ದರೂ ದನ ಲಾರಿಯಿಂದ ಇಳಿಯುವ ಮುಂಚೆ ಇದನ್ನೊಮ್ಮೆ ಓದಿ.

ಆ ಸರ್ಟಿಫಿಕೇಟಿನಿಂದಲೇ ಶುರು ಮಾಡುವ. ನಾನು ಪಶುವೈದ್ಯನಾಗಿ ಕೆಲಸದಲ್ಲಿದ್ದ ಕೊನೆಯ ವರ್ಷಗಳಲ್ಲಿ, ಗಿರ್ ಮೋಹ ಕರಾವಳಿಗೆ ಇಳಿದ ಹೊಸತರಲ್ಲಿ, ಕಾಪು ಕಡೆಯವರೊಬ್ಬರು ಇಂಥದೇ ಒಂದು ಕಾಗದವನ್ನು ಲ್ಯಾಮಿನೇಟ್ ಮಾಡಿಸಿ ತಂದು ನನ್ನ ಮೇಜಿನ ಮೇಲಿಟ್ಟರು. ಮೇಲೆ ಸಿಂಹದ ಚಿತ್ರ, ಕೆಳಗೆ ನೇರಳೆ ಮೊಹರು, ನಡುವೆ ದಪ್ಪ ಅಕ್ಷರದಲ್ಲಿ 'ನೂರಕ್ಕೆ ನೂರು ಶುದ್ಧ ಗಿರ್'. ದನದ ಕಿವಿಯ ಓಲೆಯ ಸಂಖ್ಯೆ ಇಲ್ಲ. ತಾಯಿ ಯಾವುದು ಎಂದಿಲ್ಲ. ತಂದೆ ಹೋರಿಯ ನಂಬರಿಲ್ಲ. ತಾಯಿಯ ಹಾಲು ಎಷ್ಟು ಎಂಬಲ್ಲಿ 'ಉತ್ತಮ' ಎಂದು ಬರೆದಿದ್ದರು. ಜಾತಕದಲ್ಲಿ ಹುಟ್ಟಿದ ಹೊತ್ತು ಕೇಳಿದರೆ 'ಶುಭ' ಎಂದು ಬರೆದ ಹಾಗೆ. ಹಟ್ಟಿಗೆ ಹೋಗಿ ನೋಡಿದೆ. ಉಬ್ಬಿದ ಹಣೆ, ಮಡಿಸಿದ ವೀಳ್ಯದೆಲೆಯಂತೆ ಜೋಲು ಬಿದ್ದ ಕಿವಿ, ಹಿಂದಕ್ಕೆ ಬಾಗಿ ಮೇಲೆದ್ದ ಕೊಂಬು. ನೋಡಲಿಕ್ಕೆ ಗಿರ್ ಹೌದೇ ಹೌದು. ಬಾಯಿ ಬಿಡಿಸಿದರೆ ಎಂಟು ಹಲ್ಲೂ ಕೂಡಿ, ಸವೆದೂ ಆಗಿತ್ತು. ಎರಡನೇ ಸೂಲು ಎಂದು ಹೇಳಿ ಮಾರಿದ್ದರು. ನನ್ನ ಲೆಕ್ಕಕ್ಕೆ ಐದಕ್ಕಿಂತ ಕಡಿಮೆಯಲ್ಲ. ಕರು ಹತ್ತಿರ ಬಾರದೆ ಹಾಲು ಇಳಿಸುತ್ತಿರಲಿಲ್ಲ. ಬೆಳಗಿನ ಕರಾವು ಎರಡೂವರೆ ಲೀಟರ್. ಮನೆಯವರು ಸಿಟ್ಟಿನಿಂದಲ್ಲ, ನಾಚಿಕೆಯಿಂದ ಸುಮ್ಮನಿದ್ದರು.

ಆ ದನದ ತಪ್ಪೇನೂ ಇರಲಿಲ್ಲ. ಗಿರ್ ಒಳ್ಳೆಯ ತಳಿ, ಸಂಶಯವೇ ಬೇಡ. ಸೌರಾಷ್ಟ್ರದ ಒಣ ನೆಲದಲ್ಲಿ ಒಳ್ಳೆಯ ಮೇವಿದ್ದರೆ ಒಂದು ಸೂಲಿಗೆ ಎರಡು ಸಾವಿರ ಲೀಟರಿನ ಆಸುಪಾಸು ಕರೆಯುವ ದನ ಅದು. ಆದರೆ ಅಲ್ಲಿಯೂ ಎಲ್ಲ ಗಿರ್ ದನ ಅಷ್ಟು ಕರೆಯುವುದಿಲ್ಲ. ಹಾಲುಗಳ್ಳಿಯರು ಅಲ್ಲೂ ಉಂಟು. ಸಾವಿರಾರು ಕಿಲೋಮೀಟರ್ ಲಾರಿಯಲ್ಲಿ ನಿಂತು ನಮ್ಮೂರಿಗೆ ಬರುವುದು ಯಾವುದು? ಯಜಮಾನ ಮಾರಲು ಒಪ್ಪಿದ್ದು. ಒಳ್ಳೆಯ ಕರಾವಿನ ದನವನ್ನು ಯಾರೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ, ಅದು ಬ್ರಹ್ಮಾವರವಾದರೂ ಸರಿ, ಜುನಾಗಢವಾದರೂ ಸರಿ.

ಇನ್ನು ಈ ಕಾಗದವನ್ನು ಕೊಟ್ಟವರು ಯಾರು? ಇಲ್ಲಿ ಜನಕ್ಕೆ ಒಂದು ಗೊಂದಲ ಉಂಟು. ಹರಿಯಾಣದ ಕರ್ನಾಲಿನಲ್ಲಿರುವ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಬ್ಯೂರೋ ನಮ್ಮ ದೇಶದ ತಳಿಗಳನ್ನು ನೋಂದಾಯಿಸುತ್ತದೆ. ಇವತ್ತು ಐವತ್ತಕ್ಕೂ ಹೆಚ್ಚು ದೇಸಿ ದನದ ತಳಿಗಳು ಆ ಪಟ್ಟಿಯಲ್ಲಿವೆ. ನಮ್ಮ ಮಲೆನಾಡು ಗಿಡ್ಡ, ಹಳ್ಳಿಕಾರ್, ಅಮೃತಮಹಲ್, ಖಿಲಾರಿ, ಕೃಷ್ಣಾ ಕಣಿವೆ, ದೇವಣಿ ಎಲ್ಲವೂ ಇವೆ. ಆದರೆ ಬ್ಯೂರೋ ನೋಂದಾಯಿಸುವುದು ತಳಿಯನ್ನು. ನಿಮ್ಮ ಹಟ್ಟಿಯ ಗೌರಿಯನ್ನೋ ಲಕ್ಷ್ಮಿಯನ್ನೋ ಅಲ್ಲ. ಒಂದೊಂದು ದನದ ವಂಶವನ್ನೂ ಹಾಲನ್ನೂ ಬರೆದಿಡುವ ಕೆಲಸಕ್ಕೆ ಕೇಂದ್ರ ಸರಕಾರದ್ದೇ ಇನ್ನೊಂದು ಯೋಜನೆ ಇದೆ, ಕೇಂದ್ರ ಹಿಂಡು ನೋಂದಣಿ ಯೋಜನೆ. ಅದರಲ್ಲಿ ಗಿರ್, ಕಾಂಕ್ರೇಜ್, ಹರಿಯಾಣ, ಓಂಗೋಲ್ ದನಗಳು ಮತ್ತು ಕೆಲವು ಎಮ್ಮೆ ತಳಿಗಳು ಬರುತ್ತವೆ. ಕಚೇರಿಗಳು ಅಹಮದಾಬಾದ್, ರೋಹ್ಟಕ್, ಅಜ್ಮೇರ್, ಓಂಗೋಲಿನಲ್ಲಿವೆ. ಹಾಗೆ ದಾಖಲಾದ ದನವಾದರೆ ಅದಕ್ಕೊಂದು ಸಂಖ್ಯೆ ಇರುತ್ತದೆ, ಹಾಲಿನ ಲೆಕ್ಕ ಇರುತ್ತದೆ. ದಲ್ಲಾಳಿಯನ್ನು ಅದನ್ನೇ ಕೇಳಿ. ಮಾತು ಬೇರೆ ಕಡೆ ತಿರುಗಿದರೆ ಉತ್ತರ ಸಿಕ್ಕಿತು ಎಂದೇ ಲೆಕ್ಕ.

ನಿಮ್ಮ ಕೊನೆಯ ಪ್ರಶ್ನೆ, ತಳಿ ಸಂಘದ್ದು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ದನದ ವಂಶಾವಳಿಯ ಪುಸ್ತಕ ಮೊದಲು ಅಚ್ಚಾದದ್ದು ಇಂಗ್ಲೆಂಡಿನಲ್ಲಿ, 1822ರಲ್ಲಿ. ಜಾರ್ಜ್ ಕೋಟ್ಸ್ ಎಂಬಾತ ಶಾರ್ಟ್‌ಹಾರ್ನ್ ತಳಿಯ ಹೋರಿ, ಹಸುಗಳ ತಂದೆ ತಾಯಿ ಯಾರೆಂದು ಊರೂರು ತಿರುಗಿ ಬರೆದುಕೊಂಡ. ಅದಕ್ಕೆ ಮುಂಚೆ ಅಲ್ಲಿಯೂ ನಮ್ಮ ಹಾಗೆಯೇ, ಬಾಯಿಮಾತಿನ ವ್ಯಾಪಾರ. ಪುಸ್ತಕ ಬಂದ ಮೇಲೆ 'ಇದು ಇಂಥವಳ ಮಗಳು' ಎಂದು ಹೇಳುವವನು ತೋರಿಸಿಕೊಡಬೇಕಾಯಿತು. ತಳಿ ಸಂಘ ಅಂದರೆ ಮೂಲತಃ ಇಷ್ಟೇ: ಒಂದು ಪುಸ್ತಕ, ಮತ್ತು ಆ ಪುಸ್ತಕದಲ್ಲಿ ಸುಳ್ಳು ಬರೆಯದಂತೆ ಒಬ್ಬರನ್ನೊಬ್ಬರು ಕಾಯುವ ಒಂದಷ್ಟು ಜನ. ಸನ್ಮಾನ, ಶಾಲು, ಫ್ಲೆಕ್ಸು ಇವೆಲ್ಲ ಆಮೇಲಿನ ಸೇರ್ಪಡೆ.

ಜೆರ್ಸಿಯ ಕಥೆ ಇದಕ್ಕಿಂತ ಸೊಗಸು. ಜೆರ್ಸಿ ಎಂಬುದು ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಕಡಲಲ್ಲಿರುವ ಸಣ್ಣ ದ್ವೀಪ. ಉಡುಪಿ ತಾಲೂಕಿನಷ್ಟೂ ದೊಡ್ಡದಲ್ಲ. ಆ ದ್ವೀಪದವರು 1789ರಲ್ಲಿ ಹೊರಗಿನ ದನ ಒಳಗೆ ಬರಬಾರದು ಎಂದು ಕಾನೂನು ಮಾಡಿಕೊಂಡರು. 1833ರಲ್ಲಿ ಅಲ್ಲಿಯ ಕೃಷಿ ಸಂಘ ಹುಟ್ಟಿತು. ಮರುವರ್ಷವೇ ಒಳ್ಳೆಯ ದನ ಎಂದರೆ ಹೇಗಿರಬೇಕು ಎಂದು ಅಂಕಪಟ್ಟಿ ಮಾಡಿದರು, ಕೆಚ್ಚಲಿಗಿಷ್ಟು, ಬೆನ್ನಿಗಿಷ್ಟು, ಕೊಂಬಿಗಿಷ್ಟು ಎಂದು. 1866ರಲ್ಲಿ ಹಿಂಡಿನ ಪುಸ್ತಕ ತೆರೆದರು. ಇವತ್ತು ಕಾರ್ಕಳದ ಯಾವುದೋ ಮೂಲೆಯ ಹಟ್ಟಿಯಲ್ಲಿ ಜಿಂಕೆ ಬಣ್ಣದ, ದೊಡ್ಡ ಕಣ್ಣಿನ ಒಂದು ಕ್ರಾಸ್ ದನ ನೂರಕ್ಕೆ ನಾಲ್ಕೂವರೆ ಫ್ಯಾಟ್ (ಕೊಬ್ಬು) ಇರುವ ಹಾಲು ಕೊಡುತ್ತಿದ್ದರೆ, ಅದರ ಬೇರು ಆ ದ್ವೀಪದವರ ಹಟ ಮತ್ತು ಬರವಣಿಗೆಯಲ್ಲಿದೆ.

ಬ್ರೆಜಿಲಿನವರು ನಮ್ಮ ಗಿರ್, ಓಂಗೋಲ್ ದನಗಳನ್ನು ಹಡಗಿನಲ್ಲಿ ಒಯ್ದರು. ಓಂಗೋಲ್ ಅಲ್ಲಿ ನೆಲ್ಲೋರ್ ಆಯಿತು. ಉಬೆರಾಬಾ ಎಂಬ ಊರಿನಲ್ಲಿ ತಳಿಗಾರರ ಸಂಘ ಕಟ್ಟಿ, ನೋಂದಣಿ ಶುರು ಮಾಡಿ, ಗಿರ್ ಹೋರಿಗಳನ್ನು ಅವುಗಳ ಹೆಣ್ಣುಮಕ್ಕಳ ಹಾಲಿನಿಂದ ಅಳೆಯುವ ಪರೀಕ್ಷೆಯನ್ನು 1985ರಲ್ಲಿ ಆರಂಭಿಸಿದರು. ಹೋರಿಗೆ ಕೆಚ್ಚಲಿಲ್ಲ ನೋಡಿ. ಅದು ಒಳ್ಳೆಯದೋ ಅಲ್ಲವೋ ಎಂದು ಗೊತ್ತಾಗಬೇಕಾದರೆ ಅದರ ಹೆಣ್ಣುಕರುಗಳು ದೊಡ್ಡದಾಗಿ, ಕರು ಹಾಕಿ, ಬೇರೆ ಬೇರೆ ಹಟ್ಟಿಗಳಲ್ಲಿ ಹಾಲು ಕೊಟ್ಟು, ಯಾರಾದರೂ ಅದನ್ನು ಅಳೆದು ಬರೆಯಬೇಕು. ಐದಾರು ವರ್ಷದ ತಾಳ್ಮೆಯ ಕೆಲಸ. ಹೋರಿಯ ಗಂಗೆದೊಗಲು ನೆಲ ಗುಡಿಸುತ್ತದೆ ಎಂದು ಹಾರ ಹಾಕಿ ಫೋಟೊ ತೆಗೆಸಿದರೆ ಆ ಕೆಲಸ ಆಗುವುದಿಲ್ಲ. ದನ ನಮ್ಮದು, ಲೆಕ್ಕ ಅವರದು. ಈಗ ನಮ್ಮವರೇ ಬ್ರೆಜಿಲಿನ ಗಿರ್ ಬಗ್ಗೆ ಬಾಯಿ ಬಿಟ್ಟುಕೊಂಡು ಮಾತಾಡುತ್ತಾರೆ.

ಪುಸ್ತಕ ಇದ್ದರೆ ಎಲ್ಲ ಸುಸೂತ್ರ ಎಂದೂ ಅಲ್ಲ. ಕಪ್ಪು ಬಿಳುಪಿನ ಹೋಲ್‌ಸ್ಟೀನ್ ಫ್ರೀಸಿಯನ್, ನಾವು ಎಚ್‌ಎಫ್ ಎನ್ನುವುದು, ಲೋಕದಲ್ಲೇ ಅತಿ ಹೆಚ್ಚು ದಾಖಲೆಯುಳ್ಳ ತಳಿಗಳಲ್ಲೊಂದು. ಹಾಲಿನ ಅಂಕಿ ಒಂದನ್ನೇ ಹಿಡಿದು ಓಡಿದ್ದರ ಫಲವಾಗಿ ಅಮೆರಿಕದ ಹೋಲ್‌ಸ್ಟೀನ್ ಹೋರಿಗಳ ಗಂಡು ವಂಶ ಹೆಚ್ಚುಕಡಿಮೆ ಎರಡೇ ಹೋರಿಗಳಿಗೆ ಬಂದು ನಿಲ್ಲುತ್ತದೆ. ಅದರಲ್ಲಿ ಒಂದು 1962ರಲ್ಲಿ ಹುಟ್ಟಿದ 'ಚೀಫ್'. ಅದರ ಹೆಣ್ಣುಮಕ್ಕಳು ಹಾಲಿನ ಹೊಳೆಯೇ ಹರಿಸಿದವು. ಆದರೆ ಅದರ ರಕ್ತದಲ್ಲಿ ಒಂದು ದೋಷವೂ ಅಡಗಿತ್ತು. ತಂದೆ ಕಡೆಯಿಂದಲೂ ತಾಯಿ ಕಡೆಯಿಂದಲೂ ಆ ದೋಷ ಕೂಡಿದರೆ ಕರು ಗರ್ಭದಲ್ಲೇ ಹೋಗುತ್ತದೆ. ದಶಕಗಳ ಕಾಲ ಅದೆಷ್ಟೋ ಗಬ್ಬ ಹೀಗೆ ಹೋದ ಮೇಲೆ, ಜೀನ್ ಪರೀಕ್ಷೆ ಬಂದಾಗ ಅದು ಪತ್ತೆಯಾಯಿತು. ಪತ್ತೆಯಾದದ್ದೂ ಪುಸ್ತಕ ಇದ್ದುದರಿಂದಲೇ, ಅದನ್ನೂ ಹೇಳಬೇಕು.

ನಮ್ಮ ರಾಜ್ಯದಲ್ಲಿ ಇಂಥ ದಾಖಲೆಯ ಕೆಲಸ ಹಿಂದೆ ನಡೆದದ್ದು ಅರಸರ ಹಂಗಿನಲ್ಲಿ. ಮೈಸೂರಿನವರ 'ಬೆಣ್ಣೆ ಚಾವಡಿ' ಟಿಪ್ಪುವಿನ ಕಾಲಕ್ಕೆ 'ಅಮೃತ ಮಹಲ್' ಆಯಿತು. ದಂಡಿನ ಬಂಡಿ ಎಳೆಯುವ ಎತ್ತುಗಳಿಗಾಗಿ ಇಟ್ಟ ಇಲಾಖೆ ಅದು, ಅದಕ್ಕಾಗಿಯೇ ಕಾವಲುಗಳು, ಅಂದರೆ ಮೀಸಲು ಹುಲ್ಲುಗಾವಲುಗಳು. ಅಜ್ಜಂಪುರದ ಕೇಂದ್ರ ಇವತ್ತಿಗೂ ಇದೆ. ಅಲ್ಲಿಯ ಹಿಂಡು ಒಮ್ಮೆ ನೋಡಿ ಬನ್ನಿ, ಕಣ್ಣಿಗೆ ಹಬ್ಬ. ಆದರೆ ಎರಡು ಲೀಟರಿನ ಪಾತ್ರೆ ಹಿಡಿದು ಹತ್ತಿರ ಹೋಗಬೇಡಿ, ಹಾಯುತ್ತದೆ.

ನಮ್ಮ ಕರಾವಳಿಯ ಗಿಡ್ಡಕ್ಕೆ ಅರಸನೂ ಇರಲಿಲ್ಲ, ಸಂಘವೂ ಇರಲಿಲ್ಲ. ಗುಡ್ಡ, ಮಳೆ, ಉಣುಗು ಮತ್ತು ಮನೆಯ ಹೆಂಗಸರು ಸೇರಿ ಮಾಡಿದ ತಳಿ ಅದು. ಎತ್ತರ ಒಂದು ಮೀಟರಿನೊಳಗೆ, ತೂಕ ನೂರು ಕಿಲೋ ಆಚೀಚೆ. ಕಪ್ಪು, ಕೆಂಪು, ಬೂದು, ಕಪಿಲೆ, ಎಲ್ಲ ಬಣ್ಣವೂ ಇದೆ. ಹಾಲು ದಿನಕ್ಕೆ ಒಂದೂವರೆಯಿಂದ ಮೂರು ಲೀಟರ್. ಐದು ಲೀಟರ್ ಕೊಡುವ ಗಿಡ್ಡವನ್ನು ನಾನು ನೋಡಿಲ್ಲವೆಂದಲ್ಲ, ಬೆರಳೆಣಿಕೆ. ಬೆಳಗ್ಗೆ ಹಗ್ಗ ಬಿಚ್ಚಿದರೆ ಗುಡ್ಡಕ್ಕೆ ಹೋಗಿ, ಕುರುಚಲು ಸೊಪ್ಪು ಕಡಿದು, ಕತ್ತಲಾಗುವಾಗ ಅಕ್ಕಚ್ಚಿನ ಬಾಲ್ದಿ ನೆನೆದು ತಾನಾಗಿ ಮನೆಗೆ ಬರುತ್ತದೆ. ಕಾಸರಗೋಡಿನ ಗಿಡ್ಡವೂ ಇದರ ಅಣ್ಣತಮ್ಮನೇ. 1956ರಲ್ಲಿ ರಾಜ್ಯಗಳ ಗಡಿ ಎಳೆಯುವಾಗ ಯಾರೂ ದನಗಳನ್ನು ಕೇಳಲಿಲ್ಲ, ಹಾಗಾಗಿ ಹೆಸರು ಎರಡಾಯಿತು.

ಈ ದನ ಕಡಿಮೆಯಾಗಲು ಎಚ್‌ಎಫ್, ಜೆರ್ಸಿಯನ್ನು ಬೈಯುವುದು ಈಗ ರೂಢಿ. ನಾನು ನೋಡಿದ ಕ್ರಮ ಬೇರೆ. ಮೊದಲು ಟಿಲ್ಲರ್ ಬಂತು. ಉಳುವ ಜೋಡಿ ಬೇಡವಾಯಿತು, ಆದ್ದರಿಂದ ಗಂಡುಕರು ಬೇಡವಾಯಿತು, ಆದ್ದರಿಂದ ಊರಿನಲ್ಲಿ ಹೋರಿ ಇಲ್ಲವಾಯಿತು. ಬೆದೆಗೆ ಬಂದ ಗಿಡ್ಡಕ್ಕೆ ಹೋರಿ ಸಿಗದೆ ಎಚ್‌ಎಫ್, ಜೆರ್ಸಿಯ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿದರು. ಒಂದು ತಲೆಮಾರಿನಲ್ಲಿ ಹಟ್ಟಿಯ ಬಣ್ಣವೇ ಬದಲು. ಕೇರಳದಲ್ಲಿ ಇದು ಕಾನೂನಿನ ಬಲದಿಂದಲೇ ಆಯಿತು. 1961ರ ಕಾಯ್ದೆಯಂತೆ ಪರವಾನಗಿ ಇಲ್ಲದ ಹೋರಿ ಇಟ್ಟುಕೊಳ್ಳುವ ಹಾಗಿರಲಿಲ್ಲ, ಊರಿನ ಹೋರಿಗಳ ಬೀಜ ಒಡೆಸಿದರು. ಅಲ್ಲಿಯ ಗಿಡ್ಡ ಜಾತಿಯ ವೆಚೂರು ದನ ಹುಡುಕಿದರೂ ಸಿಗದ ಹಾಗಾಯಿತು. 1989ರಲ್ಲಿ ಮಣ್ಣುತ್ತಿಯ ಕೃಷಿ ವಿಶ್ವವಿದ್ಯಾಲಯದ ಸೋಸಮ್ಮ ಐಪ್ ತಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹಳ್ಳಿಹಳ್ಳಿ ಸುತ್ತಿ ಉಳಿದ ಕೆಲವನ್ನು ಒಟ್ಟು ಮಾಡಿರದಿದ್ದರೆ ಇವತ್ತು ಆ ಹೆಸರೂ ಇರುತ್ತಿರಲಿಲ್ಲ. ನಮ್ಮಲ್ಲಿ ಕೊಯಿಲದ ಸರಕಾರಿ ಫಾರ್ಮಿನಲ್ಲಿ ಗಿಡ್ಡದ ಹಿಂಡು ಇದೆ, ಹೊಸನಗರದ ರಾಮಚಂದ್ರಾಪುರ ಮಠದವರು ದೇಸಿ ತಳಿಗಳನ್ನು ಕಾಪಾಡಲು ಕೈ ಹಾಕಿ ವರ್ಷಗಳಾದವು. ಆದರೆ ತಳಿ ಉಳಿಯುವುದು ಗೋಶಾಲೆಯಲ್ಲಲ್ಲ, ಮನೆಯ ಹಟ್ಟಿಯಲ್ಲಿ. ಗೋಶಾಲೆಯಲ್ಲಿ ಪ್ರಾಣ ಉಳಿಯುತ್ತದೆ.

ಇಂಜೆಕ್ಷನ್ ಅಂದೆ. ಅದರ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು, ನಿಮ್ಮ ಅಮ್ಮ ಗಿಡ್ಡವನ್ನೇ ತರಿಸಿದರೆ ಉಪಯೋಗಕ್ಕೆ ಬರುತ್ತದೆ. ಬಹಳ ವರ್ಷದ ಹಿಂದೆ, ಜುಲೈ ತಿಂಗಳು, ಹೆಬ್ರಿಯಿಂದ ಒಳಗೆ ಒಂದು ಮನೆ. ರಾತ್ರಿ ಹನ್ನೊಂದಕ್ಕೆ ಕರೆ ಬಂತು. ಹೊಳೆ ತುಂಬಿ ಜೀಪು ಈಚೆಯೇ ನಿಂತಿತು, ಸಂಕದ ಮೇಲೆ ಟಾರ್ಚು ಹಿಡಿದು ನಡೆದೆವು. ಹಟ್ಟಿಯಲ್ಲಿ ಒಂದು ಕಡಸು, ಮೊದಲ ಗಬ್ಬ, ತೊಂಬತ್ತು ಕಿಲೋ ಇದ್ದೀತು. ಮಧ್ಯಾಹ್ನದಿಂದ ತಿಣುಕುತ್ತಿತ್ತು. ಹೊರಗೆ ಕಂಡ ಎರಡು ಗೊರಸು ನೋಡಿದಾಗಲೇ ನನಗೆ ಅರ್ಥವಾಯಿತು. ಗಿಡ್ಡದ ಕರುವಿನ ಗೊರಸು ದೊಡ್ಡ ನೆಲ್ಲಿಕಾಯಿಯಷ್ಟು. ಇದು ಅದರ ಎರಡರಷ್ಟಿತ್ತು. ಬೆದೆಗೆ ಬಂದ ದಿನ ಇಂಜೆಕ್ಷನ್ ಕೊಡಲು ಬಂದವನ ಬಳಿ ಎಚ್‌ಎಫ್ ಹೋರಿಯ ವೀರ್ಯದ ಕಡ್ಡಿ ಮಾತ್ರ ಇತ್ತಂತೆ, ಅದನ್ನೇ ಹಾಕಿ ಹೋಗಿದ್ದ. ತೆಂಗಿನೆಣ್ಣೆ ಹಚ್ಚಿಕೊಂಡು, ಕಾಲಿಗೆ ಹಗ್ಗ ಬಿಗಿದು, ಮನೆಯ ಯಜಮಾನ, ಅವನ ತಮ್ಮ ಮತ್ತು ನಾನು ಒಂದೂವರೆ ಗಂಟೆ ಎಳೆದೆವು. ಕರು ಸತ್ತೇ ಬಂತು. ಕಡಸು ಬದುಕಿತು, ಆದರೆ ಹಿಂಗಾಲಿನ ನರಕ್ಕೆ ಪೆಟ್ಟಾಗಿ ಹದಿನೆಂಟು ದಿನ ಏಳಲಿಲ್ಲ. ಆ ಮನೆಯ ಮುದುಕಿ ದಿನಕ್ಕೆ ಮೂರು ಸಲ ಅದರ ಮಗ್ಗುಲು ಬದಲಿಸುತ್ತಿದ್ದಳು, ಅಡಿಗೆ ಹೊಸ ಸೊಪ್ಪು ಹಾಕುತ್ತಿದ್ದಳು. ಹತ್ತೊಂಬತ್ತನೇ ದಿನ ನಿಂತಿತು. ಅವಳಿಗೇ ಡಾಕ್ಟರು ಎನ್ನಬೇಕಿತ್ತು.

ಗಿಡ್ಡಕ್ಕೆ, ಅದರಲ್ಲೂ ಕಡಸಿಗೆ, ಎಚ್‌ಎಫ್ ಬೇಡವೇ ಬೇಡ. ಕಡ್ಡಿಯ ಮೇಲೆ ತಳಿ, ಹೋರಿಯ ನಂಬರು, ತಯಾರಾದ ಜಾಗ ಎಲ್ಲ ಅಚ್ಚಾಗಿರುತ್ತದೆ. ಹಾಕುವ ಮುಂಚೆ ತೋರಿಸಿ ಎನ್ನಿ, ಹಾಕಿದ ಮೇಲೆ ಖಾಲಿ ಕಡ್ಡಿಯನ್ನು ಕೇಳಿ ಇಟ್ಟುಕೊಳ್ಳಿ. ಕೇಳುವುದು ನಿಮ್ಮ ಹಕ್ಕು.

ಈಗ ಎಚ್‌ಎಫ್ ಕ್ರಾಸ್ ಮಾತಿಗೆ ಬರುವ. ಹಾಲಿನ ಪ್ರಮಾಣದಲ್ಲಿ ಅದಕ್ಕೆ ಸಾಟಿ ಇಲ್ಲ, ಹದಿನೈದು ಲೀಟರ್ ಎಂಬುದು ದೊಡ್ಡ ಮಾತಲ್ಲ. ಆದರೆ ಹಾಲು ಹೆಚ್ಚಾದಷ್ಟು ಮೈಯೊಳಗಿನ ಬಿಸಿಯೂ ಹೆಚ್ಚು. ಘಟ್ಟದ ಮೇಲಾದರೆ ಹಗಲು ಬಿಸಿಲಿದ್ದರೂ ರಾತ್ರಿ ತಂಪು ಹತ್ತುತ್ತದೆ, ದನ ಸುಧಾರಿಸಿಕೊಳ್ಳುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ರಾತ್ರಿ ಹೇಗಿರುತ್ತದೆಂದು ನಿಮಗೇ ಗೊತ್ತು, ಮುಂಬಯಿಯಲ್ಲಿ ಇದ್ದವರು. ಬೆವರು ಆರುವುದಿಲ್ಲ. ದನಕ್ಕೂ ಹಾಗೆಯೇ, ಏದುಸಿರು ಬಿಟ್ಟರೂ ಮೈ ತಣಿಯುವುದಿಲ್ಲ, ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಬೆದೆ ತೋರಿಸುವುದಿಲ್ಲ. ಮಳೆಗಾಲ ಬಂದರೆ ಕಾಂಕ್ರೀಟ್ ನೆಲದ ತೇವಕ್ಕೆ ಗೊರಸು ಮೆತ್ತಗಾಗಿ ಕುಂಟು, ಜೊತೆಗೆ ಕೆಚ್ಚಲು ಬಾವು. ಉಣುಗಿನಿಂದ ಬರುವ ಜ್ವರಗಳು, ಥೈಲೇರಿಯಾ, ರಕ್ತಮೂತ್ರ, ಗಿಡ್ಡಕ್ಕೆ ನೆಗಡಿಯಷ್ಟಾದರೆ ಇದಕ್ಕೆ ಯಮನ ಕರೆ. ಇಷ್ಟರ ಮೇಲೆ ಹಾಲಿನಲ್ಲಿ ಫ್ಯಾಟ್ ಮೂರೂವರೆಯ ಸುತ್ತಮುತ್ತ. ಕ್ಯಾನಿನಲ್ಲಿ ಹಾಲು ತುಂಬಾ ಇದ್ದೂ ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಗಟ್ಟಿ ಅಂಶ) ಬರಲಿಲ್ಲ ಎಂದು ಸೊಸೈಟಿಯ ಕಟ್ಟೆಯ ಮೇಲೆ ಜಗಳವಾಡುವವರು ಹೆಚ್ಚಾಗಿ ಎಚ್‌ಎಫ್ ಯಜಮಾನರೇ.

ಮೇವಿನ ಲೆಕ್ಕ ಹಾಕಿ ನೋಡಿ. ನಾನೂರು ಕಿಲೋದ ಕ್ರಾಸ್ ದನಕ್ಕೆ ದಿನಕ್ಕೆ ಹನ್ನೆರಡು ಕಿಲೋ ಒಣ ಪದಾರ್ಥ ಬೇಕು. ಅಂದರೆ ಇಪ್ಪತ್ತೈದು ಮೂವತ್ತು ಕಿಲೋ ಹಸಿ ಹುಲ್ಲು, ಒಂದಷ್ಟು ಬೈಹುಲ್ಲು, ಮೇಲೆ ಹಿಂಡಿ. ಹಿಂಡಿ ಮೈಗೆಂದು ಒಂದೂವರೆ ಕಿಲೋ, ಆಮೇಲೆ ಪ್ರತಿ ಲೀಟರಿಗೆ 400 ಗ್ರಾಂ. ಹತ್ತು ಲೀಟರಿನ ದನಕ್ಕೆ ದಿನಕ್ಕೆ ಐದೂವರೆ ಕಿಲೋ ಆಯಿತು. ಗದ್ದೆ ಹಡಿಲು ಬಿದ್ದ ಊರಿನಲ್ಲಿ ಬೈಹುಲ್ಲು ಎಲ್ಲಿಂದ ಬರಬೇಕು? ಘಟ್ಟ ಇಳಿದು ಲಾರಿಯಲ್ಲಿ, ಅವರು ಹೇಳಿದ ರೇಟಿಗೆ. ನೂರು ಕಿಲೋದ ಗಿಡ್ಡಕ್ಕೆ ಎರಡೂವರೆ ಕಿಲೋ ಒಣ ಪದಾರ್ಥ ಸಾಕು. ನಿಮ್ಮ ತೋಟದ ಹುಲ್ಲು, ಬಾಳೆ ಎಲೆ, ಅಡಿಕೆ ಹಾಳೆ, ಮನೆಯ ಅಕ್ಕಚ್ಚು ಇದರಲ್ಲೇ ಮುಗಿಯುತ್ತದೆ.

ಎ2 ಹಾಲಿನ ವಿಷಯ ನೀವು ಕೇಳಿಲ್ಲ, ಆದರೆ ದಲ್ಲಾಳಿ ಖಂಡಿತ ಹೇಳಿರುತ್ತಾನೆ. ಹಾಲಿನ ಬೀಟಾ ಕೇಸಿನ್ ಎಂಬ ಪ್ರೋಟೀನಿನ ಸರಪಳಿಯಲ್ಲಿ 67ನೇ ಕೊಂಡಿ ಒಂದು ಬದಲಾದರೆ ಎ1, ಇಲ್ಲದಿದ್ದರೆ ಎ2. ಡುಬ್ಬ ಇರುವ ನಮ್ಮ ದನಗಳಲ್ಲಿ ಬಹುಪಾಲು ಎ2, ಜೆರ್ಸಿಯಲ್ಲೂ ಧಾರಾಳವಾಗಿದೆ. ಎ1 ಹಾಲಿನಿಂದ ಕಾಯಿಲೆ ಬರುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಇಲ್ಲವೆಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2009ರಲ್ಲೇ ಹೇಳಿದೆ. ಸೊಸೈಟಿಯ ಯಂತ್ರ ಫ್ಯಾಟ್ ನೋಡುತ್ತದೆ, ಎಸ್‌ಎನ್‌ಎಫ್ ನೋಡುತ್ತದೆ, ಎ2 ಎಂದು ಐದು ಪೈಸೆಯೂ ಹೆಚ್ಚು ಕೊಡುವುದಿಲ್ಲ. ಮನೆಯಲ್ಲಿ ಗಿಡ್ಡದ ಹಾಲಿನ ತುಪ್ಪದ ಪರಿಮಳ ಬೇರೆಯೇ ಎಂದರೆ ನಾನೂ ಒಪ್ಪುತ್ತೇನೆ. ಅದು ನಾಲಗೆಯ ಮಾತು, ಪ್ರಯೋಗಶಾಲೆಯದ್ದಲ್ಲ.

ಹಾಗಾದರೆ ಏನು ಕಟ್ಟುವುದು? ನನ್ನನ್ನು ಕೇಳಿದರೆ ಒಂದು ಜೆರ್ಸಿ ಕ್ರಾಸ್, ಒಂದು ಗಿಡ್ಡ. ಜೆರ್ಸಿ ಕ್ರಾಸ್ ಮೈ ಸಣ್ಣದು, ಮೇವು ಕಡಿಮೆ, ಸೆಕೆ ತಡೆಯುವ ಶಕ್ತಿ ಎಚ್‌ಎಫ್‌ಗಿಂತ ಮೇಲು, ಎಂಟು ಹತ್ತು ಲೀಟರ್ ಹಾಲು, ಫ್ಯಾಟ್ ನಾಲ್ಕರ ಮೇಲೆ. ಸೊಸೈಟಿಯ ಲೆಕ್ಕ ಅದು ನೋಡಿಕೊಳ್ಳುತ್ತದೆ. ಗಿಡ್ಡ ಅಮ್ಮನ ಲೆಕ್ಕಕ್ಕೆ. ಒಂದು ವರ್ಷ ಕಳೆದು, ನೇಪಿಯರ್ ಹುಲ್ಲು ಗದ್ದೆಯಲ್ಲಿ ಎದ್ದ ಮೇಲೆ ಬೇಕಾದರೆ ಮೂರನೆಯದನ್ನು ಯೋಚಿಸಿ. ಹುಲ್ಲು ಮೊದಲು, ದನ ಆಮೇಲೆ. ಮುಂಬಯಿ, ದುಬೈಯಿಂದ ಬಂದವರು ಇದನ್ನು ತಿರುಗುಮುರುಗು ಮಾಡಿ ಕೈ ಸುಟ್ಟುಕೊಂಡದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಕ್ರಾಸ್ ದನ ಕೊಳ್ಳುವಾಗ ಎರಡನೇ ಸೂಲಿನದ್ದನ್ನು, ಕರು ಹಾಕಿ ತಿಂಗಳೊಳಗಿನದ್ದನ್ನು ಹುಡುಕಿ, ನಿಮ್ಮ ಹತ್ತು ಹದಿನೈದು ಕಿಲೋಮೀಟರಿನೊಳಗೆ. ಅಲ್ಲಿಯ ಸೊಸೈಟಿಯಲ್ಲಿ ಆ ಮನೆಯ ಹಾಲಿನ ಪಟ್ಟಿ ಇರುತ್ತದೆ, ಅದು ದಲ್ಲಾಳಿಯ ಸರ್ಟಿಫಿಕೇಟಿಗಿಂತ ನೂರು ಪಾಲು ಮೇಲು. ಸಂಜೆ ಹೋಗಿ ಎದುರಲ್ಲೇ ಪೂರ್ತಿ ಕರೆಸಿ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಂದು ಹೊತ್ತು ಕರೆಯದೆ ಕೆಚ್ಚಲು ತುಂಬಿಸಿ ತೋರಿಸುವ ಉಪಾಯ ಎಲ್ಲರಿಗೂ ಗೊತ್ತು. ಮರುದಿನ ಬೆಳಗ್ಗೆ ಮತ್ತು ಸಂಜೆಯ ಹಾಲು ಅಳೆಯಿರಿ, ಅದು ಆ ದನದ ನಿಜವಾದ ದಿನ. ಕರೆದ ಮೇಲೆ ಕೆಚ್ಚಲು ಖಾಲಿ ಚೀಲದ ಹಾಗೆ ನೆರಿಗೆ ಬೀಳಬೇಕು. ಗಟ್ಟಿಯಾಗಿ ಉಬ್ಬಿಯೇ ಇದ್ದರೆ ಅದು ಮಾಂಸ, ಹಾಲಲ್ಲ. ನಾಲ್ಕೂ ಮೊಲೆಯಿಂದ ಮೊದಲ ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ, ಗರಣೆ ಕಂಡರೆ ಬಿಟ್ಟು ಬನ್ನಿ. ಕಿವಿಯ ಹಳದಿ ಓಲೆಯಲ್ಲಿ ಹನ್ನೆರಡು ಅಂಕಿಯ ನಂಬರು ಇದೆಯೇ ನೋಡಿ.

ಗಿಡ್ಡಕ್ಕೆ ಈ ಸಾಹಸ ಯಾವುದೂ ಬೇಡ. ಅದರ ತಾಯಿ ಇನ್ನೂ ಅದೇ ಹಟ್ಟಿಯಲ್ಲಿರುವ ಮನೆಯಿಂದ ತನ್ನಿ. ವರ್ಷಕ್ಕೊಂದು ಕರು ಹಾಕುತ್ತಾ ಬಂದಿದೆಯೇ ಎಂದು ಯಜಮಾನನನ್ನು ಬಿಟ್ಟು ಹಾಲು ಕರೆಯುವವಳನ್ನು ಕೇಳಿ. ಆಕೆಗೆ ಅಜ್ಜಿ ದನದಿಂದ ಎಲ್ಲ ಬಾಯಿಗೆ ಬರುತ್ತದೆ. ಹಾಯುವ ಜಾತಿಯೋ, ಬೇಲಿ ಹಾರುವ ಜಾತಿಯೋ ಎಂಬುದನ್ನೂ ಅವಳೇ ಹೇಳುತ್ತಾಳೆ.

ಕೊನೆಗೆ ಆ ತಳಿ ಸಂಘ. ಹೋಗಿ, ಆದರೆ ಮೊದಲ ಸಭೆಯಲ್ಲೇ ಪುಸ್ತಕ ಎಲ್ಲಿ ಎಂದು ಕೇಳಿ. ಲೆಟರ್‌ಹೆಡ್ಡು, ಅಧ್ಯಕ್ಷರು, ಗೌರವಾಧ್ಯಕ್ಷರು ಆದ ಮೇಲೆ ಪುಸ್ತಕ ಮಾಡುವ ಎನ್ನುವವರು ಯಾವತ್ತೂ ಮಾಡುವುದಿಲ್ಲ. ಖರ್ಚೇನೂ ಇಲ್ಲ ಮಾರಾಯ್ರೆ, ನೂರು ಪುಟದ ಒಂದು ಲೆಕ್ಕದ ಪುಸ್ತಕ ಸಾಕು. ದನಕ್ಕೆ ಒಂದು ಪುಟ. ಓಲೆಯ ನಂಬರು, ತಾಯಿಯ ನಂಬರು, ತಂದೆ ಹೋರಿ ಯಾವುದು, ಕರು ಹಾಕಿದ ತಾರೀಕುಗಳು. ತಿಂಗಳಿಗೆ ಒಂದು ದಿನ ಎರಡು ಹೊತ್ತಿನ ಹಾಲು ಅಳೆದು ಬರೆಯುವುದು, ಅದನ್ನು ಮೂವತ್ತರಿಂದ ಗುಣಿಸಿದರೆ ಆ ತಿಂಗಳ ಲೆಕ್ಕ ಸಾಕಷ್ಟು ಸರಿ ಬರುತ್ತದೆ. ಅಳೆಯುವವನು ಪಕ್ಕದ ಮನೆಯವನಾಗಿರಬೇಕು, ತಮ್ಮ ದನಕ್ಕೆ ತಾವೇ ಅಳೆದರೆ ಲೀಟರು ಉದ್ದವಾಗುತ್ತದೆ.

ಹೋರಿ ಯಾರ ಮನೆಯಲ್ಲಿ ಎಂಬುದು ಎರಡನೆಯ ಪ್ರಶ್ನೆ. ಹತ್ತು ಹಳ್ಳಿಗೆ ಕನಿಷ್ಠ ನಾಲ್ಕೈದು ಒಳ್ಳೆಯ ಹೋರಿ ಬೇಕು, ಅವೂ ಅಣ್ಣತಮ್ಮಂದಿರಾಗಿರಬಾರದು. ಎರಡೂವರೆ ಮೂರು ವರ್ಷಕ್ಕೆ ಊರು ಬದಲಿಸಬೇಕು, ಇಲ್ಲದಿದ್ದರೆ ಹೋರಿ ತನ್ನ ಮಗಳನ್ನೇ ಹತ್ತುತ್ತದೆ. ಹಾಗೆ ಹುಟ್ಟಿದ ಕರುಗಳು ಒಂದೆರಡು ತಲೆಮಾರು ಚೆನ್ನಾಗಿಯೇ ಕಾಣುತ್ತವೆ, ಆಮೇಲೆ ಗಬ್ಬ ನಿಲ್ಲದಿರುವುದು, ಕರು ಸೊರಗುವುದು ಶುರು. ಗಂಡುಕರುಗಳನ್ನು ಏನು ಮಾಡುತ್ತೀರಿ ಎಂದೂ ಕೇಳಿ. ಈ ಪ್ರಶ್ನೆಗೆ ಸಭೆ ಮೌನವಾಗುತ್ತದೆ, ಆದರೂ ಕೇಳಿ.

ಇನ್ನೊಂದು ಮಾತು. ಆಂಧ್ರದ ಪುಟಾಣಿ ಪುಂಗನೂರು ದನದ ಹುಚ್ಚು ನೋಡಿ ನಮ್ಮ ಗಿಡ್ಡವನ್ನೂ ಇನ್ನೂ ಗಿಡ್ಡ ಮಾಡುವ ಚಟ ಕೆಲವರಿಗೆ ಹಿಡಿದಿದೆ. ಸೋಫಾದ ಪಕ್ಕ ನಿಲ್ಲಿಸಿ ಫೋಟೊ ತೆಗೆಯುವಷ್ಟು ಚಿಕ್ಕದಾದರೆ ಹೆಚ್ಚು ದುಡ್ಡು. ಗುಡ್ಡ ಹತ್ತಿ ಮೇಯಲಾಗದ, ಸಲೀಸಾಗಿ ಕರು ಹಾಕಲಾಗದ ಗಿಡ್ಡ ಗಿಡ್ಡವೇ ಅಲ್ಲ. ಸಂಘದವರು ಅತಿ ಕಡಿಮೆ ಎತ್ತರಕ್ಕೆ ಬಹುಮಾನ ಇಟ್ಟರೆ ನೀವು ಸದಸ್ಯತ್ವದ ದುಡ್ಡು ವಾಪಸು ಕೇಳಿ. ಹನ್ನೆರಡು ವರ್ಷದಲ್ಲಿ ಹತ್ತು ಕರು ಹಾಕಿದ ದನಕ್ಕೆ ಬಹುಮಾನ ಇಟ್ಟರೆ ನನಗೊಂದು ಫೋನ್ ಮಾಡಿ, ತೀರ್ಪುಗಾರನಾಗಿ ಸ್ವಂತ ಖರ್ಚಿನಲ್ಲಿ ಬರುತ್ತೇನೆ.

ಹಟ್ಟಿಯ ನೆಲಕ್ಕೆ ಕಾಂಕ್ರೀಟ್ ಹಾಕಿಸುವ ಯೋಚನೆ ಇದ್ದರೆ ನುಣುಪು ಮಾಡಿಸಬೇಡಿ, ಗೀರು ಎಳೆಸಿ, ಒಂದಿಷ್ಟು ಇಳಿಜಾರು ಕೊಡಿಸಿ. ಮಾಡಿನ ಎತ್ತರವನ್ನು ಅಜ್ಜ ಸರಿಯಾಗಿಯೇ ಇಟ್ಟಿರುತ್ತಾರೆ, ಅದನ್ನು ಇಳಿಸಿ ಶೀಟು ಹೊದಿಸಬೇಡಿ.